ಮಾತು ಕೇಳದ ಪೆಟ್ಟಿಗೆ

ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ವೇಯ್ನ್ ಕಂಗಸ್ ಮೊಣಕಾಲೂರಿಕೊಂಡು ರೌಟರಿನ ಬೆನ್ನು ನೋಡುತ್ತಿದ್ದ. ಮುಂದುಗಡೆ ಅದರ ಹಸಿರು ದೀಪಗಳೆಲ್ಲ ಮಿಣಮಿಣ ಎನ್ನುತ್ತ, ಏನೂ ಆಗಿಲ್ಲವಲ್ಲ, ಯಾಕೆ ಎಲ್ಲರೂ ಹೀಗೆ ಓಡಾಡುತ್ತಿದ್ದೀರಿ ಎಂದು ಕೇಳುವ ಹಾಗಿದ್ದವು. ಬೆಳಗಿನಿಂದ ತನ್ನ ಮುಖವೂ ಹೀಗೇ ಇದೆಯಲ್ಲ ಎನಿಸಿತು ಅವನಿಗೆ. ಈ ಕೋಣೆಗೆ ಸರ್ವರ್ ರೂಮ್ ಎಂಬ ದೊಡ್ಡ ಹೆಸರು. ನಿಜದಲ್ಲಿ ಅದು ಹಿಂದೆ ಕೋಟು ನೇತುಹಾಕುತ್ತಿದ್ದ ಗೂಡು. ಒಂದು ಕಡೆ ಕಬ್ಬಿಣದ ಚೌಕಟ್ಟಿನಲ್ಲಿ ರೌಟರು ಮತ್ತದರ ಬಳಗ, ಇನ್ನೊಂದು ಕಡೆ ಕಸ ಎಳೆಯುವ ಯಂತ್ರ, ಮಡಿಸಿಟ್ಟ ಕ್ರಿಸ್‌ಮಸ್ ಮರ, ಯಾರದೋ ಒಂಟಿ ಬೂಟು. ಬಾಗಿಲಾಚೆ ಕಚೇರಿ ಮದುವೆಮನೆಯಾಗಿತ್ತು. ನೆಟ್‌ವರ್ಕ್ ಸತ್ತ ಕಚೇರಿಯಷ್ಟು ಸಂತೋಷದ ಜಾಗ ಫೆಬ್ರವರಿಯ ಥಂಡರ್ ಬೇ ಊರಿನಲ್ಲಿ ಇನ್ನೊಂದು ಸಿಗುವುದು ಕಷ್ಟ. ದಿಮ್ಮಿ ಸಾಗಿಸುವ ಲಾರಿಗಳಿಗೆ ವಿಮೆ ಮಾಡಿಸುವ ಜನ, ಎಂದೂ ತಲೆಯೆತ್ತದವರು, ಈಗ ಮೇಜಿನ ಮೇಲೆ ಕಾಲು ಹಾಕಿಕೊಂಡು ಹರಟುತ್ತಿದ್ದರು. ಯಾರೋ ಗುಲಾಬಿ ಸಕ್ಕರೆ ಮೆತ್ತಿದ ಪರ್ಶಿಯನ್ ಬನ್ನುಗಳ ಡಬ್ಬಿ ತೆರೆದಿದ್ದರು. ದಾಲ್ಚಿನ್ನಿಯ ವಾಸನೆ ಬಾಗಿಲಿನ ಸಂದಿಯಿಂದ ನುಗ್ಗಿ ಬರುತ್ತಿತ್ತು.

ರೌಟರಿನ ಹತ್ತಿರ ಹೋಗಲು ಇದ್ದ ದಾರಿಗಳೆಲ್ಲ ನೆಟ್‌ವರ್ಕಿನ ಮೂಲಕವೇ ಇದ್ದವು, ಅವೆಲ್ಲ ಮುಚ್ಚಿಹೋಗಿದ್ದವು. ಉಳಿದದ್ದು ಹಿಂಬಾಗಿಲು ಒಂದೇ. ಬೆನ್ನಿನಲ್ಲಿರುವ ಕನ್ಸೋಲ್ ಎಂಬ ಪುಟ್ಟ ತೂತಿಗೆ ನೀಲಿ ವೈರಿನ ಒಂದು ತುದಿ ಚುಚ್ಚಿ, ಇನ್ನೊಂದು ತುದಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅದರ ಕಿವಿಯಲ್ಲೇ ಮಾತಾಡುವುದು. ಆಫ್ ಮಾಡಿ ಆನ್ ಮಾಡುವ ಎಲ್ಲರಿಗೂ ಗೊತ್ತಿರುವ ಮದ್ದನ್ನು ಲೆಕ್ಕ ವಿಭಾಗದ ಮರ್ವ್, ವೇಯ್ನ್ ಬರುವ ಮೊದಲೇ, ಯಾರನ್ನೂ ಕೇಳದೆ ಕೊಟ್ಟು ಮುಗಿಸಿದ್ದ. ಅದರಿಂದ ಏನೂ ಆಗಿರಲಿಲ್ಲ, ಆಗುವುದೂ ಇಲ್ಲ ಎಂದು ಇಡೀ ಕಟ್ಟಡದಲ್ಲಿ ಗೊತ್ತಿದ್ದವನು ವೇಯ್ನ್ ಒಬ್ಬನೇ. ಯಾಕೆಂದರೆ ರೌಟರು ಕೆಟ್ಟಿರಲಿಲ್ಲ. ಅವನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು, ಹೊರಗೆ ಕಾರಿನ ಇಂಜಿನ್ನು ಬಿಸಿಯಾಗಲೆಂದು ಕಾಯುತ್ತ, ಕೈ ಸುಮ್ಮನಿರಲಾರದೆ, ಮನೆಯಿಂದಲೇ ಲ್ಯಾಪ್‌ಟಾಪಿನಲ್ಲಿ ರೌಟರಿನೊಳಗೆ ಹೊಕ್ಕು, ಯಾರನ್ನು ಒಳಗೆ ಬಿಡಬೇಕು ಯಾರನ್ನು ಬಿಡಬಾರದು ಎನ್ನುವ ನಿಯಮಗಳನ್ನು ಚೊಕ್ಕ ಮಾಡಿಬಿಡೋಣ ಎಂದು ಹೊರಟಿದ್ದ. ‘ಯಾರನ್ನೂ ಬಿಡಬೇಡ’ ಎಂಬ ಸಾಲು ಕೊನೆಗೆ ಬರಬೇಕು. ‘ನಮ್ಮವರನ್ನು ಬಿಡು’ ಎಂಬುದು ಅದಕ್ಕಿಂತ ಮುಂಚೆ. ಅವನು ಹಿಂದುಮುಂದು ಮಾಡಿ ಬರೆದಿದ್ದ. ಬರೆದದ್ದನ್ನು ಒಂದೊಂದೇ ಸಾಲು ಕೊಟ್ಟು ನೋಡದೆ ಇಡೀ ಗಂಟನ್ನು ಒಮ್ಮೆಗೇ ಅಂಟಿಸಿದ್ದ, ಗಂಟಿನ ತುದಿಯಲ್ಲಿ ‘ಸೇವ್ ಮಾಡು’ ಎಂಬ ಮಾತೂ ಇತ್ತು. ಒಂದು ಗುಟುಕು ಕಾಫಿ ಗಂಟಲಿಗಿಳಿಯುವಷ್ಟರಲ್ಲಿ ರೌಟರು ಮೊದಲು ಅವನನ್ನೇ ಹೊರಗೆ ದಬ್ಬಿ, ಆಮೇಲೆ ಇಡೀ ಕಚೇರಿಯನ್ನು ದಬ್ಬಿ, ಆ ಬುದ್ಧಿಯನ್ನು ಶಾಶ್ವತವಾಗಿ ತಲೆಯಲ್ಲಿ ಬರೆದಿಟ್ಟುಕೊಂಡಿತ್ತು. ಇನ್ನು ನೂರು ಸಲ ಆಫ್ ಮಾಡಿದರೂ ಎದ್ದು ಅದನ್ನೇ ಹೇಳುತ್ತದೆ. ಕೆಲಸ ಕಲಿಯಲು ಬಂದ ಪ್ರತಿಯೊಬ್ಬರಿಗೂ ಮೊದಲ ದಿನ ವೇಯ್ನ್ ಹೇಳಿಕೊಡುತ್ತಿದ್ದದ್ದು ಇದನ್ನೇ: ಮೊದಲು ನೋಡು, ಆಮೇಲೆ ಸೇವ್ ಮಾಡು. ಹೇಳುವಾಗ ಬೆರಳೆತ್ತಿ ಹೇಳುತ್ತಿದ್ದ. ಮರ್ವ್ ಅವನ ಬೆನ್ನ ಹಿಂದೆ ಆ ಬೆರಳನ್ನು ಅಣಕಿಸುತ್ತಾನೆ ಎಂಬುದೂ ಅವನಿಗೆ ಗೊತ್ತಿತ್ತು.

ಹೇಳಿಬಿಡಬಹುದಿತ್ತು. ಕಾರಿನಲ್ಲಿದ್ದಾಗಲೇ ಕಾರ್ಲಾಳ ಫೋನು ಬಂದಿತ್ತು. ಕಾರ್ಲಾ ಕಚೇರಿಯ ಯಜಮಾನಿ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರಾದ್ದರಿಂದ ಏಕವಚನ. “ವೇಯ್ನ್, ಇಲ್ಲಿ ಏನೂ ಬರ್ತಿಲ್ಲ ಕಣೋ. ರಾತ್ರಿ ಗಾಳಿ ಹಂಗೆ ಹೊಡೀತಲ್ಲ, ಲೈನೇನಾದ್ರೂ ಹೋಯ್ತಾ?” ಎಂದಳು. “ಇರಬಹುದು,” ಎಂದ ಅವನು. ಎಷ್ಟು ಸಣ್ಣ ಮಾತು. ಸುಳ್ಳೂ ಅಲ್ಲ, ಲೈನು ಯಾವಾಗ ಬೇಕಾದರೂ ಹೋಗಬಹುದಲ್ಲ. ಹಾಗೆ ಬಾಗಿಲು ಚೂರು ತೆರೆದಿಟ್ಟದ್ದೇ ತಪ್ಪಾಯಿತು, ಅದರ ಹಿಂದೆ ದಿಬ್ಬಣವೇ ನುಗ್ಗಿತು. ಅವನು ಕಚೇರಿ ತಲುಪುವಷ್ಟರಲ್ಲಿ ಕಾರ್ಲಾ ಇಂಟರ್ನೆಟ್ ಲೈನಿನ ಕಂಪನಿಯವರಿಗೆ ಫೋನು ಹಚ್ಚಿ, “ತಗೋ, ನೀನೇ ಮಾತಾಡು” ಎಂದು ಅವನ ಕೈಗೆ ಕೊಟ್ಟಳು. ಆ ಕಡೆಯ ಹುಡುಗಿ, “ನಮ್ಮ ಕಡೆಯಿಂದ ಎಲ್ಲ ಸರಿಯಾಗೇ ಕಾಣಿಸ್ತಿದೆ ಸರ್,” ಎಂದಳು. ಕಾರ್ಲಾ ಎದುರಿಗೇ ನಿಂತು ಕಣ್ಣು ನೆಟ್ಟು ನೋಡುತ್ತಿದ್ದಳು. “ಕಾಣಿಸೋದೇ ಬೇರೆ, ಇರೋದೇ ಬೇರೆ. ಯಾರನ್ನಾದ್ರೂ ಕಂಬ ಹತ್ತಿಸಿ ನೋಡಿಸಿ,” ಎಂದುಬಿಟ್ಟ. ಎಂದ ಧ್ವನಿಯಲ್ಲಿ ಇಷ್ಟು ವರ್ಷದ ಅನುಭವಿಯ ಗತ್ತು ಬೇರೆ. ಕಾರ್ಲಾ ಮೆಚ್ಚಿ ತಲೆಯಾಡಿಸಿದಳು. ಆ ಮೆಚ್ಚುಗೆಯೇ ಈಗ ಕಾಲರಿನೊಳಗೆ ಬಿದ್ದ ಮಂಜಿನಂತೆ ಬೆನ್ನಲ್ಲಿ ಇಳಿಯುತ್ತಿತ್ತು.

ಕಂಬ ಹತ್ತಲು ಬಂದವಳು ಒಬ್ಬ ಹೆಂಗಸು. ಗೂಡಿನ ಬಾಗಿಲು ಅರ್ಧ ತೆಗೆದರೆ ಓಣಿಯ ಕೊನೆಯ ಕಿಟಕಿಯಲ್ಲಿ ಕಾಣಿಸುತ್ತಿದ್ದಳು: ಲಾರಿಯ ಉದ್ದನೆಯ ಕೈ ಎತ್ತಿ ಹಿಡಿದ ತೊಟ್ಟಿಯೊಳಗೆ, ಕಿತ್ತಳೆ ಅಂಗಿಯಲ್ಲಿ, ಊರಂಚಿನ ದೊಡ್ಡ ಕೆರೆಯ ಕಡೆಯಿಂದ ಬೀಸುವ ಗಾಳಿಗೆ ತೊಟ್ಟಿಯ ಜೊತೆ ತಾನೂ ತೂಗುತ್ತ. ಹೊರಗೆ ಸೊನ್ನೆಗಿಂತ ಎಷ್ಟು ಕೆಳಗೆ ಎಂದು ಬೆಳಿಗ್ಗೆ ರೇಡಿಯೋದವನು ಹೇಳುವಾಗ ಅವನಿಗೇ ನಗು ಬಂದಿತ್ತು. ಬೇಗ ಮುಗಿಸಬೇಕು, ಎಂದುಕೊಂಡ ವೇಯ್ನ್. ತಾನು ಒಳಗಿನಿಂದ ಸರಿಮಾಡಿಬಿಟ್ಟರೆ ಅವಳು ತಾನಾಗೇ ಇಳಿಯುತ್ತಾಳೆ; ಯಾರಿಗೂ ಏನೂ ಹೇಳುವ ಪ್ರಶ್ನೆಯೇ ಇಲ್ಲ. ಐದು ನಿಮಿಷದ ಕೆಲಸ. ನೀಲಿ ವೈರನ್ನು ಚುಚ್ಚಿದ, ಲ್ಯಾಪ್‌ಟಾಪಿನಲ್ಲಿ ಕಪ್ಪು ಪರದೆ ತೆರೆದ, ಎಂಟರ್ ಒತ್ತಿದ.

ಏನೂ ಇಲ್ಲ. ಪರದೆಯ ಮೂಲೆಯಲ್ಲಿ ಬಿಳಿ ಚೌಕವೊಂದು ಕಣ್ಣು ಮಿಟುಕಿಸುತ್ತಿತ್ತು. ಮತ್ತೆ ಒತ್ತಿದ. ಮತ್ತೆ, ಮತ್ತೆ, ಲಿಫ್ಟಿನ ಗುಂಡಿಯನ್ನು ಗುದ್ದುವವರ ಹಾಗೆ. ಮರ್ವ್ ಬಾಗಿಲಿಗೆ ಒರಗಿ ನಿಂತಿದ್ದ, ಮೀಸೆಯ ಮೇಲೆ ಗುಲಾಬಿ ಸಕ್ಕರೆ.

“ಏನಂತೆ ಗುರುವೇ, ಮುನಿಸಿಕೊಂಡಿದ್ಯಾ?”

“ವೈರು ಹಳೇದು,” ಎಂದ ವೇಯ್ನ್.

“ವೈರ್ ಹಳೇದಾ, ಮೇಷ್ಟ್ರು ಹಳಬರಾ?”

“ಮರ್ವ್, ನಿನಗೆ ಕೆಲಸ ಇಲ್ವಾ?”

“ಇಲ್ಲ!” ಎಂದ ಮರ್ವ್ ಪರಮಾನಂದದಿಂದ. “ಅದೇ ಅಲ್ವಾ ಮಜಾ! ನಿಧಾನಕ್ಕೆ ಮಾಡಪ್ಪ, ಮಧ್ಯಾಹ್ನ ಆದ್ರೂ ಪರ್ವಾಗಿಲ್ಲ. ನಾವ್ಯಾರೂ ನಿನ್ನ ಮೇಲೆ ಬೇಜಾರು ಮಾಡ್ಕೊಳಲ್ಲ.”

ವೈರು ಹಳೆಯದಲ್ಲ, ಲ್ಯಾಪ್‌ಟಾಪ್ ಹೊಸದು. ಅದಕ್ಕೆ ಹಳೆಯ ಅಗಲ ತೂತುಗಳಿಲ್ಲ. ನಡುವೆ ಹೆಬ್ಬೆಟ್ಟಿನಷ್ಟು ದೊಡ್ಡ ಜೋಡಣೆಯೊಂದು ಬೇಕು. ಅದನ್ನು ಎಡಗಡೆ ಸಿಕ್ಕಿಸಿದರೆ ಲ್ಯಾಪ್‌ಟಾಪು ಒಂದು ಹೆಸರಿಟ್ಟು ಕರೆಯುತ್ತದೆ, ಬಲಗಡೆ ಸಿಕ್ಕಿಸಿದರೆ ಇನ್ನೊಂದು. ಅವನು ಇಷ್ಟು ಹೊತ್ತೂ ಯಾರೂ ಇಲ್ಲದ ಬಾಗಿಲ ಮುಂದೆ ನಿಂತು ಕೂಗುತ್ತಿದ್ದ. ಸರಿಯಾದ ಹೆಸರು ಹುಡುಕಿ ಮತ್ತೆ ಒತ್ತಿದಾಗ ಪರದೆಯ ತುಂಬ ಏನೋ ಚೆಲ್ಲಿತು. ಅಕ್ಷರಗಳಲ್ಲ, ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆಗಳು, ಮುರುಕು ಕೊಂಬುಗಳು, ತುಂಡು ಪೆಟ್ಟಿಗೆಗಳು. ಆದರೂ ಅವನಿಗೆ ಹಿಗ್ಗಾಯಿತು, ಯಾಕೆಂದರೆ ಇದು ವೇಗದ ತೊಡಕು. ಅದು ಬಡಬಡ ಮಾತಾಡುತ್ತಿದೆ, ಇವನು ನಿಧಾನ ಕೇಳುತ್ತಿದ್ದಾನೆ. ಹೆಂಡತಿ ಮಾರಿತಾ ಹಾಗೇ ಮಾತಾಡುತ್ತಾಳೆ. ಅವಳ ಮಾತು ಪೂರ್ತಿ ಅರ್ಥವಾಗಲು ಮದುವೆಯಾಗಿ ಒಂದು ಚಳಿಗಾಲ ಬೇಕಾಗಿತ್ತು. ಇವತ್ತು ಬೆಳಿಗ್ಗೆಯೂ ಅಡುಗೆಮನೆಗೆ ಬಂದು, “ಕಾರ್ ಬಿಸಿಯಾಗೋ ತನಕ ಸುಮ್ನೆ ಒಂದು ಕಡೆ ಕೂತ್ಕೊಳ್ಳೋಕೆ ಆಗಲ್ವಾ ನಿಮಗೆ?” ಎಂದಿದ್ದಳು. ಆಗಲಿಲ್ಲ, ಮಾರಿತಾ. ಕೂತಿದ್ದರೆ ಆ ಹೆಂಗಸು ಈ ಹೊತ್ತಿಗೆ ಎಲ್ಲೋ ಬೆಚ್ಚಗೆ ಕಾಫಿ ಕುಡಿಯುತ್ತಿರುತ್ತಿದ್ದಳು. ಹೋದ ಬೇಸಗೆಯಲ್ಲಿ ರೌಟರಿಗೆ ದೊಡ್ಡ ಫೈಲೊಂದನ್ನು ತುಂಬಿಸುವಾಗ ತಾನೇ ವೇಗ ಏರಿಸಿ, ಇಳಿಸುವುದನ್ನು ಮರೆತದ್ದು ನೆನಪಾಯಿತು. ಏರಿಸಿದ ವೇಗಕ್ಕೆ ಹೊಂದಿಸಿದ.

ಕೊಂಬುಗಳೆಲ್ಲ ಅಕ್ಷರಗಳಾಗಿ ಸಾಲುಗಟ್ಟಿದವು. ರೌಟರು ಮಾತಾಡುತ್ತಿತ್ತು, ಸ್ಪಷ್ಟವಾಗಿ, ಬೇಸರವಿಲ್ಲದೆ: ಇಂಥವರು ಬಂದರು, ಬಿಡಲಿಲ್ಲ. ಇಂಥವರು ಬಂದರು, ಬಿಡಲಿಲ್ಲ. ಒಳ್ಳೆ ನಂಬಿಕೆಯ ಕಾವಲುಗಾರ. ವೇಯ್ನ್ ಎಂಟರ್ ಒತ್ತಿದ. ಬಿಡಲಿಲ್ಲ, ಎಂದಿತು ಅದು, ಬೇರೆ ಯಾರ ಬಗ್ಗೆಯೋ. ಗುಪ್ತಪದ ಹೊಡೆದ; ಅದಕ್ಕೆ ಪರಿವೆಯೇ ಇಲ್ಲ. ಅದರ ಮಾತು ಇವನಿಗೆ ಕೇಳುತ್ತಿತ್ತು, ಇವನ ಮಾತು ಅದಕ್ಕೆ ಕೇಳುತ್ತಿರಲಿಲ್ಲ. ಅಪ್ಪ ಕೊನೆಗಾಲದಲ್ಲಿ ಹೀಗೇ ಆಗಿದ್ದ. ಸೌನಾ ಎಂಬ ಹಬೆಕೋಣೆಯ ಬೆಂಚಿನ ಮೇಲೆ ಬೆವರುತ್ತ ಕೂತು, ಮಂಜುಗಡ್ಡೆ ಕೊರೆದು ಹಿಡಿದ ಮೀನಿನ ಕತೆಯನ್ನು ಮೊದಲಿನಿಂದ ಕಡೆವರೆಗೆ ಹೇಳುವುದು. ಇವನು ನಡುವೆ “ಅಪ್ಪಾ, ಆ ಕತೆ ನಿನ್ನೆ ಹೇಳಿದ್ದೀಯ” ಎಂದು ಕಿರುಚಿದರೆ, ಕತೆ ಮುಗಿಸಿ, ಸೌಟಿನಲ್ಲಿ ಕಾದ ಕಲ್ಲಿಗೆ ನೀರೆರಚಿ, “ಯಾಕೋ ಕಿರುಚ್ತೀಯ, ಪಕ್ಕದಲ್ಲೇ ಕೂತಿದ್ದೀನಲ್ಲ” ಎನ್ನುವುದು. ಕಿವಿಗೆ ಯಂತ್ರ ಹಾಕಿಸೋಣ ಎಂದರೆ, “ನನಗೆಲ್ಲ ಕೇಳತ್ತೆ, ನೀವೇ ಸರಿಯಾಗಿ ಮಾತಾಡಲ್ಲ” ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ವೇಯ್ನ್ ಈಗಲೂ ಸ್ವಲ್ಪ ನಕ್ಕ, ನಗುತ್ತ ನಗುತ್ತ ಕೀಲಿಗಳನ್ನು ಕುಟ್ಟಿದ, ಕುಟ್ಟಿದಷ್ಟೂ ಬೆರಳು ನೋಯಿತೇ ಹೊರತು ಬೇರೇನೂ ಆಗಲಿಲ್ಲ.

ಕಾರ್ಲಾ ಫೋನು ಹಿಡಿದುಕೊಂಡು ಬಂದಳು. ಅದರ ಬಾಯಿಗೆ ಕೈ ಅಡ್ಡ ಇಟ್ಟು, “ಲೈನಿನೋರು. ಮೇಲಿರೋ ರೊವೀನಾಗೆ ಏನೂ ಸಿಕ್ಕಿಲ್ವಂತೆ, ಇಳೀಲಾ ಅಂತ ಕೇಳ್ತಿದಾಳಂತೆ. ಏನ್ ಹೇಳ್ಲಿ?” ಎಂದಳು.

ಅವಳಿಗೆ ಹೆಸರೂ ಇದೆ. ಇದನ್ನು ಯಾರೂ ತನಗೆ ಹೇಳಬಾರದಿತ್ತು ಎನಿಸಿತು ವೇಯ್ನ್‌ಗೆ. ‘ಇಳಿಯಲಿ’ ಎಂದರೆ, ಹಾಗಾದರೆ ಲೈನು ಸರಿಯಿದೆ. ಲೈನು ಸರಿಯಿದ್ದರೆ ಕೆಟ್ಟದ್ದು ಇಲ್ಲಿ. ಇಲ್ಲಿ ಕೆಟ್ಟಿದ್ದರೆ ಕೆಡಿಸಿದವರು ಯಾರು? ಇಷ್ಟೂ ಪ್ರಶ್ನೆಗಳು ಕಾರ್ಲಾಳ ಮುಖದಲ್ಲಿ ಇರಲೇ ಇಲ್ಲ. ಅವಳು ಫೋನಿನ ಮೇಲೆ ಕೈಯಿಟ್ಟು ಸುಮ್ಮನೆ ಕಾಯುತ್ತಿದ್ದಳು. ಇದ್ದದ್ದು ಅವನ ತಲೆಯಲ್ಲಿ. ಇನ್ನು ಎರಡೇ ನಿಮಿಷ ಸಿಕ್ಕಿದರೆ ಸಾಕಾಗಿತ್ತು. “ಒಂದ್ಸಲ ಎಲ್ಲ ಜೋಡಣೆ ಬಿಚ್ಚಿ ನೋಡೋಕೆ ಹೇಳು,” ಎಂದ. ತನ್ನ ಬಾಯಿಂದಲೇ ಬಂದ ಮಾತು ಅದು ಎಂದು ನಂಬುವುದಕ್ಕೆ ಅವನಿಗೆ ಒಂದು ಕ್ಷಣ ಹಿಡಿಯಿತು. ಕಾರ್ಲಾ ಅದನ್ನೇ ಫೋನಿಗೆ ಹೇಳುತ್ತ ಹೋದಳು.

ಎದ್ದು ಓಣಿಯ ಕೊನೆಯ ಕಿಟಕಿಗೆ ಹೋಗಿ ಹೊರಗೆ ನೋಡಿದ. ಕಿತ್ತಳೆ ಅಂಗಿ ಕಿವಿಗೆ ಫೋನಿಟ್ಟುಕೊಂಡು ಕೇಳುತ್ತಿತ್ತು. ಆಮೇಲೆ ಫೋನು ಒಳಗೆ ಹಾಕಿ, ತುಸು ಹೊತ್ತು ಕೆರೆಯ ಕಡೆ ಮುಖ ಮಾಡಿ ನಿಂತು, ಬಲಗೈಯ ದಪ್ಪ ಗವಸನ್ನು ಹಲ್ಲಲ್ಲಿ ಕಚ್ಚಿ ಎಳೆದು ತೆಗೆಯಿತು. ಲೈನಿನೊಳಗೆ ಇರುವುದು ಕೂದಲೆಳೆಯಂಥ ಗಾಜಿನ ತಂತಿಗಳು. ಗವಸು ಹಾಕಿಕೊಂಡು ಮುಟ್ಟಲು ಬರುವುದಿಲ್ಲ. ಬರಿಗೈ ಅಷ್ಟು ದೂರದಿಂದಲೂ ಕೆಂಪಗೆ ಕಾಣಿಸಿತೋ, ಅವನಿಗೆ ಹಾಗನ್ನಿಸಿತೋ. ಈ ಕಿಟಕಿ ತೆಗೆದು ಕೂಗಿದರೆ ಕೇಳಿಸುತ್ತದೆ. ‘ಇಳೀರಿ, ಏನೂ ಆಗಿಲ್ಲ, ಮಾಡಿದ್ದು ನಾನು.’ ಅಷ್ಟೇ ಮಾತು. ಹಿಂದೆ ಮರ್ವ್ ಯಾರಿಗೋ ಇಸ್ಪೀಟು ಹಂಚುತ್ತಿದ್ದ. ಎಲೆಗಳ ಚಟಚಟ ಸದ್ದು ಕೇಳುತ್ತಿತ್ತು. ಕಿಟಕಿಯ ಚಿಲಕದ ಮೇಲೆ ಕೈಯಿಟ್ಟ. ಚಿಲಕ ಹಿಮಗಟ್ಟಿ ಬಿಗಿದಿತ್ತು, ಅಥವಾ ಅವನು ಅಷ್ಟು ಜೋರಾಗಿ ತಳ್ಳಲಿಲ್ಲ. ಒಂದು ಸಲ, ಇನ್ನೊಂದೇ ಒಂದು ಸಲ ನೋಡಿಬಿಡುತ್ತೇನೆ ಎಂದು ಗೂಡಿಗೆ ಓಡಿದ. ತಾನು ಅವಳಿಗಾಗಿ ಓಡುತ್ತಿದ್ದೇನೆ ಎಂದು ಹೇಳಿಕೊಂಡ. ಅದು ಸುಳ್ಳು ಎಂದು ಓಡುತ್ತಿರುವಾಗಲೇ ಗೊತ್ತಿತ್ತು.

ಕೂತು ಉಸಿರು ಬಿಟ್ಟು, ಬಾಗಿಲಿಂದ ಬಾಗಿಲಿಗೆ ಅಲೆಯುವುದನ್ನು ಬಿಟ್ಟು, ಪರದೆಯ ಹಿಂದಿನ ಸಣ್ಣ ಸಣ್ಣ ಆಯ್ಕೆಗಳನ್ನು ಒಂದೊಂದಾಗಿ ಓದಿದ. ಅಲ್ಲಿತ್ತು. ರೌಟರು ಕಿವುಡಾಗಿರಲಿಲ್ಲ. ಅವನ ಲ್ಯಾಪ್‌ಟಾಪೇ ಬಾಯಿ ಬಿಟ್ಟಿರಲಿಲ್ಲ. ಆ ಕಡೆಯವರು ‘ಹೂಂ, ಹೇಳು’ ಎಂದು ಸನ್ನೆ ಮಾಡುವ ತನಕ ಒಂದು ಅಕ್ಷರವನ್ನೂ ಕಳಿಸಬಾರದು ಎಂಬ ಮರ್ಯಾದೆಯ ಆಯ್ಕೆಯೊಂದು ಹಾಕಿಕೊಂಡಿತ್ತು. ಆ ಸನ್ನೆ ದಾಟಿಬರಲು ಈ ಬಡ ನೀಲಿ ವೈರಿನಲ್ಲಿ ತಂತಿಯೇ ಇಲ್ಲ. ಕುಟ್ಟಿದ್ದೆಲ್ಲ ಲ್ಯಾಪ್‌ಟಾಪಿನ ಬಾಯಲ್ಲೇ ಉಳಿದಿತ್ತು. ಹಾಳಾದ ಮರ್ಯಾದೆ, ಎಂದು ಅದನ್ನು ತೆಗೆದುಹಾಕಿದ. ಎಂಟರ್ ಒತ್ತಿದ. ‘ಯಾರು?’ ಎಂದು ಕೇಳಿತು ರೌಟರು, ಹೆಸರು ಹೊಡೆಯಲು ಜಾಗ ಬಿಟ್ಟು. ಅವನು ತನ್ನ ಹೆಸರು ಹೊಡೆದ. ಆಮೇಲಿನದು ಬರೀ ಕೈಕೆಲಸ: ಮೇಲಿನ ಸಾಲನ್ನು ಕೆಳಗಿಟ್ಟ, ಕೆಳಗಿನದನ್ನು ಮೇಲಿಟ್ಟ.

ಕಚೇರಿಯಲ್ಲಿ “ಅಯ್ಯೋ!” ಎಂಬ ಉದ್ಗಾರ ಎದ್ದಿತು. ಮಿಂಚಂಚೆಗಳು ಟಿಂಗ್ ಟಿಂಗ್ ಎಂದು ಬಂದು ಬೀಳತೊಡಗಿದವು. “ಥೂ, ಬಂದೇಬಿಡ್ತು, ನನ್ನ ಕೈಯಲ್ಲಿ ಮೂರು ರಾಣಿ ಇತ್ತು!” ಎಂದು ಮರ್ವ್ ಎಲೆಗಳನ್ನು ಮೇಜಿನ ಮೇಲೆ ಎಸೆದ. ಆದರೆ ಅವನೇ ಮೊದಲು ಕಿಟಕಿಗೆ ಓಡಿದ್ದು. “ಅವಳೇ ಮಾಡಿದ್ದು ಕಣ್ರೋ! ಈಗ ತಾನೇ ಕೈ ಹಾಕಿದ್ಲು, ನಾನು ನೋಡಿದೆ!” ಎಲ್ಲರೂ ಓಣಿಯಲ್ಲಿ ನುಗ್ಗಿ ಗಾಜಿನ ಹಿಂದೆ ನಿಂತು ಚಪ್ಪಾಳೆ ತಟ್ಟಿದರು, ಗಾಜು ಬಡಿದರು, ಹೆಬ್ಬೆರಳೆತ್ತಿ ತೋರಿಸಿದರು. ತೊಟ್ಟಿಯಲ್ಲಿದ್ದವಳು ತಿರುಗಿ ನೋಡಿ, ಅನುಮಾನದಿಂದಲೇ ಒಂದು ಕೈ ಎತ್ತಿದಳು. ವೇಯ್ನ್ ಎಲ್ಲರಿಗಿಂತ ಹಿಂದೆ ನಿಂತಿದ್ದ. ಅವನಿಗೆ ಮೈ ಹಗುರಾಗಿತ್ತು, ನಾಚಿಕೆಯಾಗುವಷ್ಟು ಹಗುರಾಗಿತ್ತು. ಮುಗಿಯಿತು. ಯಾರಿಗೂ ಏನೂ ಆಗಲಿಲ್ಲ. ಒಂದು ಪರ್ಶಿಯನ್ ಬನ್ನು ತಿನ್ನಬಹುದು ಎಂದು ಡಬ್ಬಿಯ ಕಡೆ ಹೆಜ್ಜೆಯಿಟ್ಟ, ಇಟ್ಟು ಒಂದನ್ನು ಕೈಗೂ ತೆಗೆದುಕೊಂಡ.

ಕಾರ್ಲಾ ಬಾಗಿಲಿಗೇ ಹೋಗಿ ರೊವೀನಾಳನ್ನು ಒಳಗೆ ಕರೆತಂದಳು. ಐವತ್ತರ ಆಚೀಚೆಯ ಗಟ್ಟಿ ಹೆಂಗಸು. ರೆಪ್ಪೆಗಳ ಮೇಲೆ ಬಿಳಿ ಹಿಮ, ಕೆನ್ನೆಯ ಮೇಲೆ ಕೆಂಪು ಗೀರು. ಬೂಟಿನ ಮಂಜು ಕೊಡವಿ, ಹೀಟರಿನ ಹತ್ತಿರ ನಿಂತು, ಬಲಗೈಯನ್ನು ಕಂಕುಳಿನಲ್ಲಿ ಅವುಚಿಟ್ಟುಕೊಂಡಳು. ಯಾರೋ ಕುರ್ಚಿ ಎಳೆದರು, ಯಾರೋ ತಟ್ಟೆ ಹಿಡಿದರು.

“ನಾನೇನೂ ಮಾಡ್ಲಿಲ್ಲ ರೀ,” ಎಂದಳು. “ಬರೀ ಮುಚ್ಚಳ ತೆಗ್ದಿದ್ದೆ ಅಷ್ಟೆ.”

“ನೋಡಿ ವಿನಯ!” ಎಂದ ಮರ್ವ್. “ವೇಯ್ನ್, ಕಲ್ತ್ಕೋ. ನೀನು ಒಂದು ವೈರ್ ಚುಚ್ಚಿದ್ರೆ ವಾರಗಟ್ಲೆ ಹೇಳ್ತೀಯ.”

ಎಲ್ಲರೂ ನಕ್ಕರು. ರೊವೀನಾಳೂ ನಗಲು ನೋಡಿದಳು, ತುಟಿ ಇನ್ನೂ ಮಾತು ಕೇಳುತ್ತಿರಲಿಲ್ಲ. “ಅದಲ್ಲ,” ಎಂದಳು ಯೋಚಿಸುತ್ತ. “ತಾನಾಗೇ ಹೋಗಿ ತಾನಾಗೇ ಬಂದಿದ್ದನ್ನ ನಂಬೋ ಹಾಗಿಲ್ಲ. ಎಲ್ಲೋ ಒಂದು ಕಡೆ ಸಡಿಲ ಇರ್ಬೇಕು. ಸ್ವಲ್ಪ ಬೆಚ್ಚಗಾಗ್ಲಿ, ಮತ್ತೆ ಹತ್ತಿ ಆ ಕೊನೇ ಕಂಬದ ತನಕ ಒಂದೊಂದೇ ಬಿಚ್ಚಿ ನೋಡ್ತೀನಿ. ನಿಮಗೆ ನಾಳೆ ಮತ್ತೆ ತೊಂದ್ರೆ ಆಗ್ಬಾರ್ದು.”

ವೇಯ್ನ್ ಕೈಯಲ್ಲಿದ್ದ ಬನ್ನನ್ನು ಡಬ್ಬಿಗೆ ವಾಪಸು ಇಟ್ಟ. ಕೊನೆಯ ಕಂಬ ಗೋದಾಮುಗಳಾಚೆ, ಕೆರೆಯಂಚಿನಲ್ಲಿ. ಅಲ್ಲಿಯ ತನಕ ಅವಳು ಗವಸು ತೆಗೆದು ಹಾಕಿ, ತೆಗೆದು ಹಾಕಿ, ಇಲ್ಲದ ತಪ್ಪೊಂದನ್ನು ಹುಡುಕುತ್ತ ಹೋಗುತ್ತಾಳೆ. ಅವಳಂಥವರು ಸಿಗುವ ತನಕ ಬಿಡುವುದಿಲ್ಲ. ಅದು ಸಿಗುವುದೂ ಇಲ್ಲ, ಯಾಕೆಂದರೆ ಅದು ಇಲ್ಲಿ, ಸಕ್ಕರೆ ಅಂಟಿದ ಕೈಯಲ್ಲಿ, ಡಬ್ಬಿಯ ಪಕ್ಕ ನಿಂತಿದೆ.

“ಹತ್ತಬೇಡಿ,” ಎಂದ. ಧ್ವನಿ ಬೇಕಾದ್ದಕ್ಕಿಂತ ಜೋರಾಗಿ ಬಂತು, ಎಲ್ಲರೂ ತಿರುಗಿದರು. “ಲೈನ್‌ಗೆ ಏನೂ ಆಗಿರ್ಲಿಲ್ಲ. ಬೆಳಿಗ್ಗೆ ನಾನು ಮನೆಯಿಂದ್ಲೇ ರೌಟರಲ್ಲಿ ಒಂದು ಸಾಲು ತಪ್ಪು ಬರ್ದೆ. ಬರ್ದದ್ದನ್ನ ನೋಡದೇನೇ ಸೇವ್ ಮಾಡ್ದೆ. ಈಗ ಸರಿಮಾಡಿದ್ದೂ ನಾನೇ. ಮೊದಲಿಂದ್ಲೂ ಗೊತ್ತಿತ್ತು ನನಗೆ.”

ಮರ್ವ್ ತೊಡೆ ತಟ್ಟಿಕೊಂಡು ನಕ್ಕ ನಗುವಿಗೆ ಛಾವಣಿಯೇ ಹಾರಬೇಕು. “ನೋಡದೇನೇ ಸೇವ್ ಮಾಡ್ದಾ! ಯಾರು? ಇವ್ನು!” ಎಂದು ಬೆರಳೆತ್ತಿ ಕುಣಿಸಿದ. ಉಳಿದವರೂ ಬಿದ್ದು ಬಿದ್ದು ನಕ್ಕರು. ಕಾರ್ಲಾ ಅವನ ಬೆನ್ನಿಗೆ ಒಂದು ಗುದ್ದಿ, “ಇಷ್ಟೇನಾ? ಮೊದಲೇ ಬೊಗಳೋಕೇನು ರೋಗ? ಹೋಗ್ಲಿ, ಬಂತಲ್ಲ ಬಿಡು,” ಎಂದು ತನ್ನ ಮೇಜಿಗೆ ಹೊರಟೇಬಿಟ್ಟಳು. ಟಿಂಗ್ ಟಿಂಗ್ ಸದ್ದು ಕರೆಯುತ್ತಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಅವನು ಹೆದರಿದ್ದ ಬಯ್ಗಳ ಯಾವುದೂ ಬರಲಿಲ್ಲ. ಇಷ್ಟು ಅಗ್ಗವಾಗಿತ್ತೇ, ಇಷ್ಟಕ್ಕಾಗಿ ತಾನು ಅಷ್ಟೆಲ್ಲ ಮಾಡಿದೆನೇ ಎಂದು ಅವನಿಗೆ ಅಳು ಬಂದಂತಾಯಿತು.

ನಗದೆ ಉಳಿದವಳು ರೊವೀನಾ ಒಬ್ಬಳೇ. ಅವನನ್ನೇ ನೋಡುತ್ತಿದ್ದಳು, ಸಿಟ್ಟಿನಿಂದಲ್ಲ, ಅರ್ಥವಾಗದ್ದನ್ನು ನೋಡುವ ಹಾಗೆ.

“ಎಲ್ಲ ಬಿಚ್ಚಿ ನೋಡೋಕೆ ಹೇಳಿ ಅಂದೋರೂ ನೀವೇನಾ?”

“ನಾನೇ.”

ಅವಳು ಕಂಕುಳಿಂದ ಕೈ ಹೊರಗೆ ತೆಗೆದಳು. ಬೆರಳ ತುದಿಗಳು ಬೆಳ್ಳಗೆ ಮೇಣದ ಹಾಗಿದ್ದವು. ಬಿಸಿ ತಾಗಿ ನೋವು ಈಗ ಶುರುವಾಗುತ್ತಿತ್ತು ಎಂಬುದು ಅವಳು ಹಲ್ಲು ಕಚ್ಚಿದ್ದರಲ್ಲೇ ಗೊತ್ತಾಯಿತು. ಮೇಜಿನ ಮೇಲಿದ್ದ ಕಾಫಿ ಲೋಟಕ್ಕೆ ಕೈ ಚಾಚಿದಳು. ಬೆರಳು ಮಡಚಲಿಲ್ಲ, ಲೋಟ ಅತ್ತ ಜಾರಿತು. ವೇಯ್ನ್ ಹಿಡಿದುಕೊಂಡ.

“ನನ್ನನ್ನ ಕ್ಷಮಿಸ್ತೀರಾ?” ಎಂದು ಕೇಳಿದ.

“ತಡೀರಿ,” ಎಂದಳು ರೊವೀನಾ. “ಬೆರಳಿಗೆ ಜೀವ ಬರ್ಲಿ ಮೊದ್ಲು. ಆಮೇಲೆ ಹೇಳ್ತೀನಿ.”

ಅವನು ಲೋಟವನ್ನು ಅವಳ ಬಾಯಿಯ ಹತ್ತಿರ ಹಿಡಿದ. ಅವಳು ಬಗ್ಗಿ ಒಂದು ಗುಟುಕು ಕುಡಿದಳು. ಅವನು ಹಿಡಿದುಕೊಂಡೇ ನಿಂತ.